ಪಾಳುಬೀಳದ ರಾಜಧಾನಿ

ಅಕ್ಕಿಆಲೂರಿನ ಬಸ್ ನಿಲ್ದಾಣದಲ್ಲಿ ನಿಂತು 'ರಾಜಧಾನಿಗೆ ಬಸ್ಸು ಎಷ್ಟೊತ್ತಿಗೆ?' ಎಂದು ಕೇಳಿದರೆ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಹೊತ್ತು ಹೇಳಿಯಾರು. ಎಂಟುನೂರು ವರ್ಷಗಳ ಹಿಂದೆ ಯಾರಾದರೂ ಇದೇ ಮಾತು ಕೇಳಿದ್ದರೆ ಊರಿನವರು ಹಾನಗಲ್ಲಿನ ದಾರಿಯತ್ತ ಕೈತೋರಿಸಿ, ನಡೆದರೆ ಮಧ್ಯಾಹ್ನದೊಳಗೆ ಮುಟ್ಟುತ್ತೀರಿ ಎನ್ನುತ್ತಿದ್ದರು. ಈಗ ಅದು ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ಹಾವೇರಿಯಿಂದ ಶಿರಸಿಗೆ ಹೋಗುವವರು ಅಕ್ಕಿಆಲೂರನ್ನು ದಾಟಿಯೇ ಹೋಗುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಬನವಾಸಿ ಗೊತ್ತು, ಪಕ್ಕದ ಹಾನಗಲ್ಲಿನಲ್ಲಿ ಇನ್ನೊಂದು ಕದಂಬ ಗದ್ದುಗೆ ಇತ್ತೆಂಬುದು ಗೊತ್ತಿಲ್ಲ.

ನಮ್ಮ ನೆಂಟರ ಮನೆಯಲ್ಲಿ ನಾನು ಹೊರಟದ್ದು ಕೇಳಿ ನಕ್ಕರು. 'ಹಾನಗಲ್ಲಿಗೇನ್ರಿ? ತಹಶೀಲ್ದಾರ ಆಫೀಸಿನ್ಯಾಗ ಕೆಲಸೇನರ ಐತೇನು?' ಪಹಣಿ, ಜಾತಿ ಪ್ರಮಾಣಪತ್ರ, ಆಸ್ಪತ್ರೆ, ಬ್ಯಾಂಕು – ಈಗ ಹಾನಗಲ್ಲೆಂದರೆ ಇಷ್ಟೇ. ಒಂದು ಲೆಕ್ಕದಲ್ಲಿ ಇದು ತಪ್ಪೂ ಅಲ್ಲ. ಆಗಲೂ ಸುತ್ತಲ ಹಳ್ಳಿಗರು ಹಾನಗಲ್ಲಿಗೆ ಹೋಗುತ್ತಿದ್ದದ್ದು ಸುಂಕ, ಜಮೀನಿನ ತಂಟೆ, ಅರಸರ ಮನ್ನಣೆ ಇಂಥ ಕೆಲಸಕ್ಕೇ ಇದ್ದೀತು.

ದಾರಿಯ ಎರಡೂ ಬದಿ ಭತ್ತದ ಗದ್ದೆ, ಗೋವಿನಜೋಳ, ನಡುನಡುವೆ ಮಾವಿನ ತೋಪು, ಇತ್ತೀಚೆಗೆ ಅಡಿಕೆ. ಇದು ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಪಡುವಣಕ್ಕೆ ಶಿರಸಿ, ಮುಂಡಗೋಡಿನ ಕಾಡು, ಮೂಡಣಕ್ಕೆ ಎರೆಹೊಲ. ಕಾಡಿನ ಸರಕು ಇಳಿಯುವ, ಬಯಲಿನ ದವಸ ಏರುವ ಸಂದಿನಲ್ಲಿ ನೀರು ನಿಲ್ಲುವ ಜಾಗ ಸಿಕ್ಕರೆ ಅಲ್ಲಿ ಪಟ್ಟಣ ಹುಟ್ಟದೆ ಇರದು. ಧರ್ಮಾ ಹೊಳೆಯ ದಂಡೆಯಲ್ಲಿ ಹಾಗೆ ಹುಟ್ಟಿದ್ದು ಶಾಸನಗಳು ಪಾನುಂಗಲ್ ಎಂದು ಕರೆಯುವ ಊರು. ಅದರ ಸುತ್ತಿನ ನಾಡಿಗೆ 'ಪಾನುಂಗಲ್ ಐನೂರು' ಎಂದು ಹೆಸರು. ಪಕ್ಕದ 'ಬನವಾಸಿ ಪನ್ನಿರ್ಛಾಸಿರ'ದ ಎದುರು ಇದು ಸಣ್ಣ ನಾಡು. ಆದರೂ ಈ ಸಣ್ಣ ನಾಡಿನ ಒಡೆಯರು ದೊಡ್ಡ ನಾಡಿನ ಮೇಲೆ ಹಕ್ಕು ಹೇಳುವುದನ್ನು ಕಡೆಯವರೆಗೂ ಬಿಡಲಿಲ್ಲ.

ಹಾನಗಲ್ಲಿನ ಕದಂಬರ ಕತೆಯಲ್ಲಿ ನನಗೆ ಇಷ್ಟವಾದದ್ದು ಈ ಹಟವೇ. 4ನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಬನವಾಸಿಯ ರಾಜ್ಯ 6ನೇ ಶತಮಾನದಲ್ಲೇ ಬಾದಾಮಿ ಚಾಲುಕ್ಯರ ಪಾಲಾಯಿತು. ಅದಾಗಿ ನಾಲ್ಕು ಶತಮಾನ ಕಳೆದ ಮೇಲೆ, ಕಲ್ಯಾಣದ ಚಾಲುಕ್ಯರು ತಲೆಯೆತ್ತುವ ಹೊತ್ತಿಗೆ, ಚಟ್ಟದೇವನೆಂಬ ವೀರ ಅವರ ಆಸರೆಯಲ್ಲಿ ಬಲಿತು ಹಾನಗಲ್ಲಿನ ಮನೆತನಕ್ಕೆ ಬುನಾದಿ ಹಾಕಿದ. ಅವನ ವಂಶದವರು ಕೂತದ್ದು ಹಾನಗಲ್ಲಿನಲ್ಲಿ, ಬಿರುದಿನಲ್ಲಿ ಹೇಳಿಕೊಂಡದ್ದು 'ಬನವಾಸಿ ಪುರವರಾಧೀಶ್ವರ' ಎಂದು. ಕುಲದೇವರು ಬನವಾಸಿಯ ಮಧುಕೇಶ್ವರ. ಬಾವುಟದ ಮೇಲೆ ವಾನರ, ಮುದ್ರೆಯಲ್ಲಿ ಸಿಂಹ, ಮುಂದೆ ಮೊಳಗಲು ಪೆರ್ಮಟ್ಟಿ ಎಂಬ ವಾದ್ಯ. ಹಿರಿಯರು ಹದಿನೆಂಟು ಅಶ್ವಮೇಧ ಮಾಡಿದ್ದರೆಂಬ ಹೊಗಳಿಕೆ ಬೇರೆ! ಇಷ್ಟೆಲ್ಲ ಆದರೂ ಅವರ ಅಧಿಕಾರದ ಪದವಿ 'ಮಹಾಮಂಡಲೇಶ್ವರ', ಅಂದರೆ ಚಕ್ರವರ್ತಿಯ ಕೈಕೆಳಗಿನ ಸಾಮಂತ. ನಮ್ಮ ಪಠ್ಯಪುಸ್ತಕಗಳಿಗೆ ಸಾಮಂತರು ಬೇಡ. ಚಕ್ರವರ್ತಿಗಳ ಪಟ್ಟಿ ಉರುಹೊಡೆಸುತ್ತಾರೆ. ಕೆರೆ ಕಟ್ಟಿಸಿದ, ಗುಡಿಗೆ ದತ್ತಿ ಬಿಟ್ಟ, ದನ ಕದಿಯಲು ಬಂದವರನ್ನು ಅಟ್ಟಿದ ಆಳ್ವಿಕೆಯೆಲ್ಲ ನಡೆದದ್ದು ಇಂಥ ಸಾಮಂತರ ಊರುಗಳಿಂದ.

ಈ ಮನೆತನದ ಜತೆಗೆ ಬರುವ ಇನ್ನೊಂದು ಹೆಸರು ಅಕ್ಕಾದೇವಿಯದು. ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಅಕ್ಕ, 'ಗುಣದ ಬೆಡಂಗಿ' ಎಂದು ಬಿರುದು. ಕಿಸುಕಾಡು, ಬನವಾಸಿ ನಾಡುಗಳನ್ನು ಆಳಿದವಳು. ಗೋಕಾಕದ ಕೋಟೆಗೆ ತಾನೇ ಮುತ್ತಿಗೆ ಹಾಕಿದವಳು. ಅವಳನ್ನು ಹಾನಗಲ್ಲಿನ ಕದಂಬ ಮಯೂರವರ್ಮನಿಗೆ ಕೊಟ್ಟಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ದೊಡ್ಡ ಮನೆಯ ಹೆಣ್ಣು ಸಣ್ಣ ಮನೆಗೆ ಬಂದಳು, ಬಂದ ಮೇಲೆ ಆ ಮನೆ ಸಣ್ಣದಾಗಿ ಉಳಿಯಲಿಲ್ಲ.

ಹಾನಗಲ್ಲಿನ ಪೇಟೆಯಲ್ಲಿ ಇಳಿದವರಿಗೆ ರಾಜಧಾನಿಯ ಸುಳಿವು ಸಿಗುವುದಿಲ್ಲ. ಗೊಬ್ಬರದಂಗಡಿ, ಮೊಬೈಲ್ ಅಂಗಡಿ, ಮಿರ್ಚಿ-ಮಂಡಕ್ಕಿಯ ಗಾಡಿ, ಟಂಟಂಗಳ ಸಾಲು. ಮನೆಗಳ ನಡುವೆಯೇ ನಡೆದು ತಾರಕೇಶ್ವರ ಗುಡಿಯ ಆವರಣ ಹೊಕ್ಕರೆ ಮಾತ್ರ ಗದ್ದಲ ಹಿಂದೆ ಬೀಳುತ್ತದೆ. 12ನೇ ಶತಮಾನದ, ಕಲ್ಯಾಣ ಚಾಲುಕ್ಯ ಶೈಲಿಯ ಈ ಗುಡಿಯ ಕಂಬಗಳನ್ನು ಮುಟ್ಟಿ ನೋಡಬೇಕು. ಚರಕಿ ಹಿಡಿದು ತಿರುಗಿಸಿದಂತೆ ಉಂಗುರ ಉಂಗುರವಾಗಿ ಕಡೆದು, ಮುಖ ಕಾಣುವಷ್ಟು ನಯ ಮಾಡಿದ್ದಾರೆ. ಗೋಡೆಯ ಹೊರಮೈಯಲ್ಲಿ ಪುಟ್ಟ ಪುಟ್ಟ ಗುಡಿಗಳ ಮಾದರಿಗಳು ಇವೆ. ಶಿಲ್ಪಿ ತನಗೆ ಗೊತ್ತಿದ್ದ ಶಿಖರಗಳನ್ನೆಲ್ಲ ಅಲ್ಲಿ ಕೆತ್ತಿ ತೋರಿಸಿದ್ದಾನೆ. ಅದೇ ಆವರಣದ ಸಣ್ಣ ಗಣಪತಿ ಗುಡಿಗೆ ಉತ್ತರ ಭಾರತದ ನಾಗರ ಮಾದರಿಯ ಬಾಗಿದ ಶಿಖರ. ದಕ್ಷಿಣದ ದೊಡ್ಡ ಗುಡಿಯ ಮಗ್ಗುಲಲ್ಲಿ ಉತ್ತರದ ಚಿಕ್ಕ ಗುಡಿ. ಯಾರೂ ತಕರಾರು ತೆಗೆದಂತಿಲ್ಲ.

ನಾನು ಕಂಬ ನೋಡುತ್ತ ನಿಂತಿದ್ದಾಗ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಕೂಗಿದರು: 'ಕಂಬ ಆಮ್ಯಾಲೆ ನೋಡ್ರಿ. ಮೊದಲ ಮ್ಯಾಲೆ ನೋಡ್ರಿ, ಮ್ಯಾಲೆ.'

ತಲೆಯೆತ್ತಿದೆ. ಎಂಟು ಮೂಲೆಯಾಗಿ ಕೂಡಿಸಿದ ತೊಲೆಗಳ ಮೇಲಿಂದ ಕಲ್ಲಿನ ಸುತ್ತುಗಳು ಏಳುತ್ತವೆ. ಕೆಳಗಿನದಕ್ಕಿಂತ ಮೇಲಿನ ಸುತ್ತು ಒಂದಿಷ್ಟು ಒಳಚಾಚಿದೆ, ಅದರ ಮೇಲಿನದು ಇನ್ನಷ್ಟು. ಹೀಗೆ ಕಿರಿದಾಗುತ್ತ ಹೋಗಿ ನಟ್ಟನಡುವೆ ದೊಡ್ಡದೊಂದು ಕಮಲ ನಮ್ಮ ನೆತ್ತಿಯತ್ತ ಇಳಿಬಿದ್ದಿದೆ. ಕಮಾನು ಕಟ್ಟುವ ರೀತಿ ಇದಲ್ಲ. ಇಲ್ಲಿ ಗಾರೆಯ ಅಂಟು ಇಲ್ಲ. ಒಂದೊಂದು ಕಲ್ಲಿನ ಹಿಂದಿನ ಭಾರವೇ ಅದರ ಮುಂಚಾಚನ್ನು ಹಿಡಿದು ನಿಲ್ಲಿಸಬೇಕು. ಲೆಕ್ಕ ಒಂದಿಷ್ಟು ತಪ್ಪಿದ್ದರೂ ಕಮಲ ನೆಲದ ಮೇಲಿರುತ್ತಿತ್ತು. 'ಎಷ್ಟ್ ಮಳಿ ಬಂದ್ ಹೋದ್ವು, ಎಷ್ಟ್ ಸರಕಾರ ಬಂದ್ ಹೋದ್ವು, ಅದು ಹಂಗ ಐತ್ರಿ' ಎಂದರು ಮುದುಕರು. ಸರಕಾರದ ಮಾತಾಡುವಾಗ ಅವರ ದನಿಯಲ್ಲಿ ಹುರುಪು ಜಾಸ್ತಿ ಇತ್ತು.

ಆ ಛತ್ತಿನ ಕೆಳಗೆ ನಿಂತಾಗ ನನಗೆ ನೆನಪಾದದ್ದು ಬಹಳ ದೂರದ ಇನ್ನೊಂದು ಛಾವಣಿ. ಆರ್ಮೇನಿಯದ ಹಳೆಯ ರಾಜಧಾನಿ ಆನಿಯ ಚಿತ್ರಗಳನ್ನು ನೋಡಿದವರಿಗೆ ಅಲ್ಲಿನ ದೊಡ್ಡ ಇಗರ್ಜಿಯ ನೆನಪಿರುತ್ತದೆ. ಕ್ರಿ.ಶ. 961ರಲ್ಲಿ ಬಗ್ರಾತಿ ವಂಶದ ಮೂರನೆಯ ಅಶೋತ್ ರಾಜಧಾನಿ ಮಾಡಿಕೊಂಡ ಊರು ಅದು. ಸಾವಿರದೊಂದು ಚರ್ಚುಗಳ ಊರೆಂದು ಹೆಸರಾಯಿತು. ಅದರ ಮುಖ್ಯ ಇಗರ್ಜಿಯನ್ನು 1001ರಲ್ಲಿ ಮುಗಿಸಿದವನು ತ್ರದಾತ್ ಎಂಬ ಶಿಲ್ಪಿ. ಭೂಕಂಪಕ್ಕೆ ಬಿರುಕುಬಿಟ್ಟ ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದ ಗುಮ್ಮಟವನ್ನು ಸರಿಪಡಿಸಿದವನೂ ಅವನೇ. ಅವನು ಆನಿಯಲ್ಲಿ ಕೆಲಸ ಮಾಡುತ್ತಿದ್ದ ಕಾಲ ಹೆಚ್ಚುಕಡಿಮೆ ನಮ್ಮ ಚಟ್ಟದೇವನ ಕಾಲ. ಮುಂದೆ ಆನಿ 1045ರಲ್ಲಿ ಬೈಜಾಂಟಿಯನ್ನರ ಪಾಲಾಯಿತು. 1064ರಲ್ಲಿ ಸೆಲ್ಜುಕ್ ತುರ್ಕರ ಆಲ್ಪ್ ಅರ್ಸಲಾನ್ ಹಿಡಿದು ಸೂರೆಮಾಡಿದ. 1236ರಲ್ಲಿ ಮಂಗೋಲರು ಬಂದರು. 1319ರ ಭೂಕಂಪದಲ್ಲಿ ತ್ರದಾತ್ ಆನಿಯಲ್ಲಿ ಕಟ್ಟಿದ ಇಗರ್ಜಿಯ ಗುಮ್ಮಟವೂ ಕುಸಿಯಿತು. ವ್ಯಾಪಾರದ ದಾರಿ ಬೇರೆಡೆ ತಿರುಗಿ, ಜನ ಒಬ್ಬೊಬ್ಬರೇ ಹೊರಟುಹೋಗಿ, ಈಗ ಅಲ್ಲಿ ಹುಲ್ಲು ಮೇಯುವ ದನ, ಬಿರುಕು ಗೋಡೆ. ಕೆಳಗಿನ ಅಖುರಿಯನ್ ಹೊಳೆ ಎರಡು ದೇಶಗಳ ಗಡಿ. ಆನಿ ಬಿದ್ದಿರುವುದು ತುರ್ಕಿಯ ಕಡೆ. ಆರ್ಮೇನಿಯದವರು ತಮ್ಮ ರಾಜಧಾನಿಯನ್ನು ಆಚೆ ದಂಡೆಯಿಂದ ನೋಡಬೇಕು. 2016ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು, ಪ್ರವಾಸಿಗರು ಹೋಗುತ್ತಾರೆ.

ಹಾನಗಲ್ಲಿಗೆ ಇಂಥ ಸಾವು ಬರಲಿಲ್ಲ. ಅದಕ್ಕೇ ಪ್ರವಾಸಿಗರೂ ಬರಲಿಲ್ಲ ಎಂದು ನನ್ನ ಅನುಮಾನ. ಜನ ಬಿಟ್ಟುಹೋದ ರಾಜಧಾನಿ ನೋಡಲು ಚೆಂದ, ಹಂಪಿಯಲ್ಲೂ ಅಷ್ಟೇ. ಹಾನಗಲ್ಲಿನಲ್ಲಿ ಅರಸರು ಹೋದರು, ಜನ ಹೋಗಲಿಲ್ಲ. ಕೋಟೆಯೊಳಗೆ ಮನೆ ಕಟ್ಟಿದರು, ಕೆರೆಯ ನೀರು ಗದ್ದೆಗೆ ಹಾಯಿಸಿದರು, ತಾರಕೇಶ್ವರನಿಗೆ ದಿನಾ ದೀಪ ಹಚ್ಚಿದರು. ಒಳ್ಳೆಯದೇ ಆಯಿತು. ಫೋಟೊಗೆ ಚೆಂದ ಕಾಣಲೆಂದು ಒಂದು ಊರು ಸಾಯಬೇಕಾಗಿಲ್ಲ.

ಹಾಗಂತ ಅರಸರು ಸುಮ್ಮನೆ ಎದ್ದುಹೋಗಲಿಲ್ಲ. ಹೊಯ್ಸಳ ವಿಷ್ಣುವರ್ಧನ ಹಾನಗಲ್ಲನ್ನು ಹಿಡಿದದ್ದನ್ನು ಅವನ ಶಾಸನಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅವನು ಕೊನೆಗಾಲದಲ್ಲಿ ಬೀಡುಬಿಟ್ಟದ್ದು ಹತ್ತಿರದ ಬಂಕಾಪುರದಲ್ಲಿ. ಆದರೆ ಊರಿನ ನಿಜವಾದ ಪರೀಕ್ಷೆ ಬಂದದ್ದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಕಲ್ಯಾಣದ ಚಾಲುಕ್ಯರು ಮುಗಿದಿದ್ದರು. ಬಡಗಣಿಂದ ದೇವಗಿರಿಯ ಸೇವುಣರು, ತೆಂಕಣಿಂದ ಹೊಯ್ಸಳರು ಆ ಖಾಲಿ ಜಾಗಕ್ಕೆ ಕಾದಾಡುತ್ತಿದ್ದರು. ಬಲ್ಲಾಳ ಲಕ್ಕುಂಡಿಯಲ್ಲಿ ನೆಲೆವೀಡು ಮಾಡಿಕೊಂಡಿದ್ದ. ಈ ಎರಡು ದೊಡ್ಡ ಸೈನ್ಯಗಳ ನಡುವೆ ಹಾನಗಲ್ಲಿನ ಕಾಮದೇವ, ಮೇಲೆ ಯಾವ ಚಕ್ರವರ್ತಿಯೂ ಇಲ್ಲದ ಸಾಮಂತ. 1196ರಲ್ಲಿ ಬಲ್ಲಾಳ ದಂಡೆತ್ತಿ ಬಂದು ಆನೆಯಕೆರೆಯ ಬಳಿ ಡೇರೆ ಹೊಡೆದು ಕೋಟೆಗೆ ಮುತ್ತಿಗೆ ಹಾಕಿದ.

ಜನ ಈಗಲೂ 'ಆನಿಕೆರಿ' ಎಂದೇ ಕರೆಯುವ ಆ ಕೆರೆಯ ಏರಿಯ ಮೇಲೆ ನಿಂತರೆ ಬಲ್ಲಾಳ ಆ ಜಾಗವನ್ನೇ ಯಾಕೆ ಆರಿಸಿಕೊಂಡ ಎಂದು ಯಾರೂ ವಿವರಿಸಬೇಕಿಲ್ಲ. ಆನೆ, ಕುದುರೆ, ಸಾವಿರಾರು ಜನರ ದಂಡಿಗೆ ತಿಂಗಳುಗಟ್ಟಲೆ ನೀರು ಬೇಕು. ಕೋಟೆಯವರ ನೀರು ಕೈವಶವಾದರೆ ಅರ್ಧ ಯುದ್ಧ ಗೆದ್ದಂತೆ. ಆದರೆ ಕಾಮದೇವನ ದಂಡನಾಯಕ ಸೋಹನಿ ಕೋಟೆಯಿಂದ ಹೊರಬಿದ್ದು ಹೊಯ್ಸಳರನ್ನು ಹಿಮ್ಮೆಟ್ಟಿಸಿದ. ಲಕ್ಕುಂಡಿಯವರೆಗೆ ಬಂದ ಬಲ್ಲಾಳ ಹಾನಗಲ್ಲಿನಲ್ಲಿ ಹಿಂದೆ ಸರಿಯಬೇಕಾಯಿತು! ಆ ಗೆಲುವು ಬಹಳ ದಿನ ಬಾಳಲಿಲ್ಲ. ಮುಂದಿನ ಕೆಲ ವರ್ಷಗಳಲ್ಲಿ ಹೊಯ್ಸಳರ ಕೈ ಮೇಲಾಯಿತು, ಆಮೇಲೆ ಸೇವುಣರು ಬಂದರು. ಆದರೂ ಸೋಹನಿಯ ಹೆಸರು ಈ ಊರಿನ ಒಂದು ಬೀದಿಗಾದರೂ ಇರಬೇಕಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ.

ಅಂದು ಸತ್ತವರ ಲೆಕ್ಕ ವೀರಗಲ್ಲುಗಳಲ್ಲಿದೆ. ಗುಡಿಯ ಆವರಣದಲ್ಲಿ ನಿಲ್ಲಿಸಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ. ಈ ಸೀಮೆಯ ಹಳ್ಳಿಹಳ್ಳಿಯಲ್ಲೂ ಇಂಥ ಕಲ್ಲುಗಳಿವೆ. ಅವುಗಳಲ್ಲಿ ಅರಸರ ಯುದ್ಧದವು ಕೆಲವಾದರೆ ತುರುಗೋಳಿನವು ಹಲವು. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆದು, ದನ ಬಿಡಿಸಿ, ತಾವು ಸತ್ತವರ ಕಲ್ಲುಗಳು ಅವು.

ಇದನ್ನು ಯೋಚಿಸುವಾಗ ಹಾನಗಲ್ಲಿಗೆ ವಿರಾಟನಗರಿ ಎಂಬ ಹೆಸರು ಯಾಕೆ ಅಂಟಿತೆಂಬುದಕ್ಕೆ ನನಗೊಂದು ದಾರಿ ಹೊಳೆಯುತ್ತದೆ. ಶಾಸನಗಳೇ ಇದನ್ನು ವಿರಾಟನ ಕೋಟೆ, ವಿರಾಟನಗರಿ ಎನ್ನುತ್ತವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ, ಕೀಚಕ ಸತ್ತದ್ದು ಇಲ್ಲೇ ಎಂದು ಊರವರು ದಿಬ್ಬ ತೋರಿಸುತ್ತಾರೆ. ರಾಜಸ್ಥಾನದ ಬೈರಾಟಿನವರೂ ಇದನ್ನೇ ಹೇಳುತ್ತಾರೆ. ಆ ಜಗಳಕ್ಕೆ ನಾನು ತಲೆಹಾಕುವುದಿಲ್ಲ. ಆದರೆ ಮಹಾಭಾರತದ ಅಷ್ಟೂ ಕತೆಗಳಲ್ಲಿ ಈ ಊರು ತನ್ನದೆಂದು ಆರಿಸಿಕೊಂಡದ್ದು ಗೋಗ್ರಹಣದ ಕತೆಯನ್ನು, ದನಗಳಿಗಾಗಿ ನಡೆದ ಯುದ್ಧವನ್ನು. ದನಕ್ಕಾಗಿ ಮಕ್ಕಳನ್ನು ಕಳೆದುಕೊಂಡ ನಾಡಿಗೆ ಅದಕ್ಕಿಂತ ಹತ್ತಿರದ ಕತೆ ಯಾವುದಿದ್ದೀತು? ದೀಪಾವಳಿಯ ಹಟ್ಟಿಹಬ್ಬದಲ್ಲಿ ಅಕ್ಕಿಆಲೂರು, ಹಾನಗಲ್ಲಿನ ಕಡೆ ಬಂದು ನೋಡಿ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಕಿಕ್ಕಿರಿದ ಜನರ ನಡುವೆ ನುಗ್ಗುತ್ತದೆ, ಹುಡುಗರು ಪ್ರಾಣದ ಹಂಗು ಬಿಟ್ಟು ಮೇಲೆ ಬೀಳುತ್ತಾರೆ, ಗೆದ್ದ ಹೋರಿಗೆ ಅಭಿಮಾನಿಗಳು ಬ್ಯಾನರ್ ಕಟ್ಟುತ್ತಾರೆ. ವೀರಗಲ್ಲು ಕೆತ್ತುವ ಕಾಲ ಹೋಯಿತು, ಬ್ಯಾನರಿನ ಕಾಲ ಬಂತು, ದನದ ಸುತ್ತಿನ ಶೌರ್ಯ ಮಾತ್ರ ಮುಗಿದಿಲ್ಲ.

ಕೋಟೆಯ ಕಡೆ ಹೋದರೆ ಮಣ್ಣಿನ ದಿಬ್ಬವಾಗಿ ಉಳಿದ ಗೋಡೆ, ಹೂತುಹೋದ ಕಂದಕದ ಗುರುತು. ಬಿಲ್ಲೇಶ್ವರ, ವೀರಭದ್ರನ ಗುಡಿಗಳಿವೆ. ಬಿಲ್ಲೇಶ್ವರದ ಬಾಗಿಲವಾಡದ ಕೆತ್ತನೆ ತಾರಕೇಶ್ವರಕ್ಕೇನೂ ಕಡಿಮೆಯಿಲ್ಲ, ನೋಡುವವರು ಕಡಿಮೆ. ಕೆಳಗೆ ಧರ್ಮಾ ಹೊಳೆ. ಈಗ ಮುಂಡಗೋಡು ಸೀಮೆಯ ಮಳಗಿಯ ಹತ್ತಿರ ಅದಕ್ಕೆ ಜಲಾಶಯವಿದೆ. ಅದರ ಕಾಲುವೆ ತಾಲ್ಲೂಕಿನ ಕೆರೆಗಳನ್ನು ತುಂಬುತ್ತದೆ. ಹೊಳೆ ಮುಂದೆ ಹರಿದು ಕೂಡಲದಲ್ಲಿ ವರದೆಯನ್ನು ಸೇರುತ್ತದೆ. ಅರಸರ ಪಟ್ಟಿ ಮರೆತರೂ ಚಿಂತೆಯಿಲ್ಲ, ಈ ಹೊಳೆ-ಕಾಲುವೆ-ಕೆರೆಯ ಸರಪಳಿ ತಿಳಿದರೆ ಈ ಊರು ಯಾಕೆ ಉಳಿಯಿತೆಂದು ತಿಳಿಯುತ್ತದೆ.

ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. ವಿಜಯನಗರ, ಬಿಜಾಪುರದ ಆದಿಲ್‌ಶಾಹಿ, ಸವಣೂರಿನ ನವಾಬರು, ಮರಾಠರು, ಹೈದರ್-ಟಿಪ್ಪು, 1818ರ ಹೊತ್ತಿಗೆ ಇಂಗ್ಲಿಷರು. ಅಧಿಕಾರ ಮೊದಲು ಬಂಕಾಪುರಕ್ಕೆ, ಅಲ್ಲಿಂದ ಸವಣೂರಿಗೆ ಸರಿಯಿತು. ಮೂರೂ ಊರು ಒಂದೇ ದಿನದಲ್ಲಿ ಸುತ್ತಿಬರುವಷ್ಟು ಹತ್ತಿರ. ಬಂಕಾಪುರದಲ್ಲಿ ಅರವತ್ತು ಕಂಬದ ಗುಡಿಯೆಂದು ಕರೆಯುವ ನಗರೇಶ್ವರ, ಸುತ್ತ ನವಿಲುಗಳು. ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಆಫ್ರಿಕಾ ಮೂಲದ ಭಾರಿ ಗಾತ್ರದ ಬಾವೊಬಾಬ್ ಮರಗಳು. ಹಾನಗಲ್ಲು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯ ತಾಲ್ಲೂಕಾಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿತು.

ಆದರೆ ತಾಲ್ಲೂಕು ಊರಾದ ಮೇಲೆಯೂ ಹಾನಗಲ್ಲಿನಿಂದ ನಾಡಿಗೆಲ್ಲ ಮಾತು ನಡೆದ ಕಾಲ ಇನ್ನೊಂದಿತ್ತು. ಇಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಅವರ ಕಣ್ಣಿಗೆ ಬಿದ್ದ ಮಕ್ಕಳಲ್ಲಿ ಒಬ್ಬ ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಹುಟ್ಟುಕುರುಡ ಗದಿಗೆಯ್ಯ. ಹಾಡುವ ಕೊರಳಿದ್ದ ಆ ಹುಡುಗನಿಗೆ ಸಂಗೀತ ಕಲಿಸಿದರು. ಅವನೇ ಪಂಚಾಕ್ಷರ ಗವಾಯಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ಗವಾಯಿಗಳಿಂದ ಬೆಳೆಯಿತು. ಅವರ ಕೈಯಲ್ಲಿ ತಯಾರಾದ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದವರು. ಕಣ್ಣಿಲ್ಲದ ಎಷ್ಟು ಮಕ್ಕಳು ಆ ಆಶ್ರಮದಿಂದ ಹಾರ್ಮೋನಿಯಂ, ತಬಲಾ ಹಿಡಿದು ಹೊರಬಂದು ಬದುಕು ಕಟ್ಟಿಕೊಂಡರೋ! ಕಾಮದೇವನ ಗೆಲುವು ಬಹಳ ದಿನ ನಿಲ್ಲಲಿಲ್ಲ. ಕುಮಾರ ಸ್ವಾಮಿಗಳು ಕಟ್ಟಿದ್ದು ನೂರು ವರ್ಷ ದಾಟಿ ನಡೆಯುತ್ತಿದೆ. ಹಾನಗಲ್ಲಿನ ಇತಿಹಾಸ ಬರೆಯುವವರು ಕದಂಬರಲ್ಲೇ ನಿಲ್ಲಿಸಿದರೆ ಅರ್ಧ ಬರೆದಂತೆ.

ಬಂದ ದಾರಿಯಲ್ಲೇ ಮರಳುವ ಬದಲು ತಾಲ್ಲೂಕನ್ನು ಒಂದು ಸುತ್ತು ಹಾಕುವುದು ಮೇಲು. ತಿಳವಳ್ಳಿಯಲ್ಲಿ ಸೇವುಣರ ಕಾಲದ ಶಾಂತೇಶ್ವರ, ನರೇಗಲ್ಲಿನಲ್ಲಿ ಸರ್ವೇಶ್ವರ, ಬಾಳಂಬೀಡದಲ್ಲಿ ವಿಷಪರಿಹಾರೇಶ್ವರ – ಯಾವುದಕ್ಕೂ ಟಿಕೆಟ್ ಇಲ್ಲ, ಸಾಲು ಇಲ್ಲ. ಅಕ್ಕಿಆಲೂರಿನ ಪಕ್ಕದ ಶೇಷಗಿರಿ ನಾಟಕಕ್ಕೆ ಹೆಸರಾದ ಹಳ್ಳಿ. ರೈತರೇ ಬಣ್ಣ ಹಚ್ಚುತ್ತಾರೆ. ವಿರಾಟಪರ್ವ ಆಡಲು ಇದಕ್ಕಿಂತ ತಕ್ಕ ನೆಲ ಇಲ್ಲ, ಯಾರಾದರೂ ಅವರ ಕಿವಿಗೆ ಹಾಕಬೇಕು.

ಹೀಗೆ ಸುತ್ತುವಾಗ ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲು, ಶಾಸನಗಳು ಕಣ್ಣಿಗೆ ಬೀಳುತ್ತವೆ. ಕೆಲವಕ್ಕೆ ಎಣ್ಣೆಬಣ್ಣ ಬಳಿದಿದ್ದಾರೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಬಳಿದ ಬಣ್ಣ ಅಕ್ಷರ ತಿನ್ನುತ್ತದೆ, ಒಗೆಯುವ ಏಟು ಚಿತ್ರ ತಿನ್ನುತ್ತದೆ. ಇವಕ್ಕೆ ಮ್ಯೂಸಿಯಂ ಬೇಕಾಗಿಲ್ಲ. ಪಂಚಾಯಿತಿಯವರು ಒಂದು ಕಟ್ಟೆ ಕಟ್ಟಿ ಮೇಲೊಂದು ಮಾಡು ಹಾಕಿದರೆ ಸಾಕು. ಊರಿನ ಶಾಲೆಯ ಮೇಷ್ಟರು ಮಕ್ಕಳನ್ನು ಕರೆದುಕೊಂಡು ಹೋಗಿ ಯಾವ ಕಲ್ಲು ಎಲ್ಲಿದೆ ಎಂದು ಬರೆಸಿ, ಫೋಟೊ ತೆಗೆಸಿ, ಪಟ್ಟಿ ಮಾಡಿ ಇಟ್ಟರೆ ಮುಂದೆ ಓದುವವರಿಗೆ ದಾರಿಯಾದೀತು. ನಿಮ್ಮ ಊರಿನ ಕಲ್ಲಿನಿಂದಲೇ ಶುರುಮಾಡಿ. ಬಣ್ಣದ ಡಬ್ಬಿ ಹಿಡಿದು ಬರುವವರನ್ನು ದಯವಿಟ್ಟು ತಡೆಯಿರಿ.